ಜೇನು ಪಾಲಾಗುವ ಕಾಲ

ನವೆಂಬರ್ ತಿಂಗಳು ಕೇರಳದಲ್ಲಿ ನೆಲಸಿರುವ ಕನ್ನಡಿಗರಾದ ನಮಗೆ ಹಬ್ಬದ ತಿಂಗಳು. ಇಲ್ಲಿಯ ಜೇನುನೊಣಗಳಿಗೆ ಅದು ಮನೆ ಪಾಲಾಗುವ ತಿಂಗಳು. ಜೂನ್ ಮೊದಲುಗೊಂಡು ಮೂರು ತಿಂಗಳ ಕಾಲ ಮಳೆಗೆ ಹೆದರಿ ಗೂಡಿನಲ್ಲಿಯೇ ಅವಿತು, ಕೂಡಿಟ್ಟುದನ್ನು ತಿಂದು ಬಡವಾದ ಕುಟುಂಬವು ಸೆಪ್ಟೆಂಬರಿನ ಬಿಸಿಲು ಕಾಣುತ್ತಲೆ ಚೇತರಿಸಿಕೊಳ್ಳುತ್ತದೆ. ರಾಣಿ ದಿನದಿನಕ್ಕೆ ಹೆಚ್ಚು ಮೊಟ್ಟೆ ಇಡತೊಡಗುತ್ತಾಳೆ. ತುಲಾವರ್ಷದ ಮಳೆ ಮಧ್ಯಾಹ್ನದ ಮೇಲೆ ಗುಡುಗಿ ಸುರಿದು, ಮರುದಿನ ಬೆಳಗ್ಗೆ ಆಕಾಶ ತೊಳೆದಂತಾಗುವ ಅಕ್ಟೋಬರ್ ನವೆಂಬರುಗಳ ಹೊತ್ತಿಗೆ ಗೂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಒಂದು ದಿನ, ಬಿಸಿಲೇರಿದ ಹೊತ್ತಿನಲ್ಲಿ, ಹಳೆಯ ರಾಣಿ ಅರ್ಧ ಸಂಸಾರವನ್ನು ಕಟ್ಟಿಕೊಂಡು ಹೊರಟುಬಿಡುತ್ತಾಳೆ. ಇದನ್ನೇ ನಮ್ಮ ಕರಾವಳಿ ಮಲೆನಾಡುಗಳವರು ಜೇನು ಪಾಲಾಯಿತು ಎನ್ನುವುದು. ಮಲೆಯಾಳದವರು ಕೂಟ್ಟಂ ಪಿರಿಯಲ್ ಎನ್ನುತ್ತಾರೆ. ಕೂಟ ಬೇರೆಯಾಗುವುದು ಎಂದರ್ಥ. ಅಣ್ಣತಮ್ಮಂದಿರ ಮನೆಗೂ ಜೇನಿನ ಮನೆಗೂ ಒಂದೇ ಮಾತನ್ನು ಬಳಸಿದ ಹಿರಿಯರು ವಿಷಯವನ್ನು ಚೆನ್ನಾಗಿ ಕಂಡವರೆಂದೇ ಹೇಳಬೇಕು.

ಆದರೆ ಪುಸ್ತಕ ನೋಡಿ ಜೇನು ಸಾಕಲು ಹೊರಟವರು ಈ ವಿಷಯದಲ್ಲಿಯೇ ಎಡವುವುದುಂಟು. ಇಂಗ್ಲಿಷ್ ಪುಸ್ತಕಗಳೆಲ್ಲ ಹಿಂಡು ಹೊರಡುವುದು ವಸಂತದಲ್ಲಿ, ಮೇ ಜೂನ್ ತಿಂಗಳುಗಳಲ್ಲಿ, ಎಂದು ಸಾರುತ್ತವೆ. ಅದು ಹಿಮ ಕರಗಿ ಹೂ ಬಿಡುವ ಸೀಮೆಯ ಲೆಕ್ಕ. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಚಳಿ ಹಿಮ್ಮೆಟ್ಟುವ ಜನವರಿಯಿಂದೀಚೆಗೆ ಪಾಲಿನ ಕಾಲ; ಕಾಫಿಯ ಹೂಮಳೆ ಬಿದ್ದ ಮೇಲೆ ಜೇನಿನ ಸುಗ್ಗಿ. ತಿರುವನಂತಪುರ, ಕೊಚ್ಚಿಗಳ ಕಡೆ ಎಲ್ಲವೂ ಎರಡು ಮೂರು ತಿಂಗಳು ಮುಂಚೆ. ಆದಕಾರಣ ಮಡಿಕೇರಿಯಿಂದಲೋ ಶಿರಸಿಯಿಂದಲೋ ಬಂದ ನಮ್ಮವರು ಊರಿನ ಅಭ್ಯಾಸದಂತೆ ಸಂಕ್ರಾಂತಿ ಕಳೆದ ಮೇಲೆ ಪೆಟ್ಟಿಗೆ ತೆರೆದು ನೋಡಿದರೆ, ಪಾಲು ಆಗಿಹೋಗಿ, ಅರ್ಧ ಪೆಟ್ಟಿಗೆ ಬರಿದಾಗಿರುತ್ತದೆ. ಸುಗ್ಗಿಗೆ ಸ್ವಲ್ಪವೇ ಮೊದಲು ಒಡೆದ ಕುಟುಂಬದಿಂದ ಆ ವರ್ಷ ಜೇನಿನ ಆಸೆ ಬಿಡತಕ್ಕದ್ದೇ.

ಈ ಪಾಲನ್ನು ಮನುಷ್ಯನು ಅರ್ಥಮಾಡಿಕೊಂಡ ಬಗೆ ಒಂದು ದೊಡ್ಡ ಚರಿತ್ರೆಯೇ ಸರಿ. ರೋಮಿನ ವರ್ಜಿಲ್ ಕವಿ ಜೇನುಹಿಂಡಿನ ನಾಯಕನು ರಾಜನೆಂದೇ ನಂಬಿದ್ದನು. ಹಾರುವ ಹಿಂಡನ್ನು ಇಳಿಸಲು ತಾಳ ಬಡಿಯಬೇಕೆಂದೂ ಬರೆದಿದ್ದಾನೆ. ಆ ರಾಜನು ರಾಣಿಯೆಂದು ಜನ ಒಪ್ಪುವುದಕ್ಕೆ ಹದಿನೇಳನೆಯ ಶತಮಾನವೇ ಬರಬೇಕಾಯಿತು. ಜಿನೀವಾದ ಫ್ರಾನ್ಸ್ವಾ ಹ್ಯೂಬರ್ ಕಣ್ಣು ಕಾಣದವರಾಗಿದ್ದರು. ತಮ್ಮ ಸೇವಕನ ಕಣ್ಣಿನಿಂದ ನೋಡಿಸಿ, ತಾವು ಪ್ರಶ್ನೆ ಕೇಳಿ ಕೇಳಿ, ಜೇನಿನ ಸಂಸಾರದ ಗುಟ್ಟುಗಳನ್ನು ೧೭೯೨ರಲ್ಲಿ ಪ್ರಕಟಿಸಿದರು. ಮೊದಲ ಹಿಂಡಿನೊಡನೆ ಹೊರಡುವವಳು ಮಗಳಲ್ಲ, ತಾಯಿ. ಕಟ್ಟಿದ ಮನೆ, ತುಂಬಿದ ಕಣಜ, ತೊಟ್ಟಿಲ ಮಕ್ಕಳು ಎಲ್ಲವನ್ನೂ ಇನ್ನೂ ಹುಟ್ಟದ ಮಗಳಿಗೆ ಬಿಟ್ಟು, ಹೊಟ್ಟೆಯಲ್ಲಿ ಹಿಡಿಯುವಷ್ಟು ಜೇನನ್ನು ಮಾತ್ರ ತುಂಬಿಕೊಂಡ ಅನುಯಾಯಿಗಳೊಡನೆ ಮುದುಕಿ ಬಯಲಿಗೆ ಬರುತ್ತಾಳೆ. ಹತ್ತಿರದ ಕೊಂಬೆಯಲ್ಲಿ ಹಿಂಡು ಜೋತುಬಿದ್ದಿರುವಾಗ ಹೊಸ ಮನೆಯನ್ನು ಆರಿಸುವವರು ಯಾರು? ೧೯೪೯ರಲ್ಲಿ ಮ್ಯೂನಿಕ್ಕಿನಲ್ಲಿ ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿ ಹಿಂಡಿನ ಮೇಲೆ ಕುಣಿಯುತ್ತಿದ್ದ ಕೆಲವು ನೊಣಗಳ ಮೈಯಲ್ಲಿ ಹೂವಿನ ಪರಾಗಕ್ಕೆ ಬದಲಾಗಿ ಮಸಿ, ಇಟ್ಟಿಗೆಯ ಪುಡಿ ಮೆತ್ತಿರುವುದನ್ನು ಕಂಡರು. ಯುದ್ಧದಲ್ಲಿ ಹಾಳಾದ ಆ ಪಟ್ಟಣದ ಹೊಗೆಗೂಡು, ಗೋಡೆಯ ಬಿರುಕುಗಳಲ್ಲಿ ಮನೆ ಹುಡುಕಿ ಬಂದವು ಅವು. ತಾವು ಕಂಡ ಜಾಗವನ್ನು ಕುಣಿದು ಹೇಳುತ್ತಿದ್ದವು. ಬೇರೆ ಬೇರೆ ಜಾಗ ಸಾರುವವರಲ್ಲಿ ಉತ್ತಮ ಜಾಗದವರಿಗೆ ಬೆಂಬಲ ಹೆಚ್ಚುತ್ತ ಹೋಗಿ, ಕಡೆಗೆ ಎಲ್ಲರೂ ಅದೊಂದಕ್ಕೇ ಕುಣಿದಾಗ ಹಿಂಡು ಏಳುತ್ತದೆ. ರಾಣಿಗೆ ಇದರಲ್ಲಿ ಮತವಿಲ್ಲ!

ನಮ್ಮ ನಾಡುಗಳ ಕಡೆಗೆ ಬರೋಣ. ಪೆಟ್ಟಿಗೆ ಬರುವುದಕ್ಕೆ ಮುಂಚೆ ಪಾಲಾದ ಹಿಂಡೇ ಜೇನು ಸಾಕುವವನ ಬೀಜಧನವಾಗಿದ್ದಿತು. ಕೊಡಗು, ದಕ್ಷಿಣ ಕನ್ನಡ, ಮಲಬಾರು, ತಿರುವಾಂಕೂರುಗಳಲ್ಲಿ ಮಣ್ಣಿನ ಮಡಕೆಗೋ ಪೊಳ್ಳು ಮರದ ತುಂಡಿಗೋ ಒಳಗೆ ಮೇಣ ಸವರಿ, ಹಿಂಡು ಹೊರಡುವ ಕಾಲಕ್ಕೆ ಮರದ ಮೇಲೋ ಸೂರಿನ ಕೆಳಗೋ ಇಡುತ್ತಿದ್ದರು. ಮೇಣದ ವಾಸನೆ ಹಿಡಿದು ತುಡುವೆ ಜೇನು ಬಂದು ಸೇರುತ್ತಿದ್ದಿತು. ಹೆಜ್ಜೇನು ಬಯಲಿನಲ್ಲಿ ಒಂದೇ ಎರಿ ಕಟ್ಟುವುದು, ಕೋಲುಜೇನೂ ಹಾಗೆಯೇ. ಕತ್ತಲೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆಯೊಂದೇ ಮನೆಗೆ ಒಗ್ಗುವಂಥದು. ಮಲೆಯಾಳದಲ್ಲಿ ಹೆಜ್ಜೇನಿಗೆ ಪೆರುಂತೇನ್, ಕೋಲುಜೇನಿಗೆ ಕೋಲ್ತೇನ್, ತುಡುವೆಗೆ ಞೊಡಿಯನ್ ಎಂದು ಹೆಸರು. ತೇನ್, ಜೇನು ಎರಡೂ ಒಂದೇ ಮಾತೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಡಕೆಯ ಜೇನಿನಲ್ಲಿ ಒಂದು ಕ್ರೌರ್ಯವಿದ್ದಿತು: ಜೇನು ಬೇಕಾದರೆ ಎರಿ ಕಿತ್ತು ಹಿಂಡಬೇಕು; ಅದರೊಡನೆ ಮರಿಗಳೂ ಹಿಂಡಿಹೋಗುತ್ತಿದ್ದವು. ಉಳಿದ ನೊಣಗಳು ಮನೆ ಬಿಟ್ಟು ಪರಾರಿ. ಮುಂದಿನ ವರ್ಷ ಮತ್ತೆ ಖಾಲಿ ಮಡಕೆ, ಮತ್ತೆ ಕಾಯುವುದು.

ಈ ಕ್ರಮವನ್ನು ಬದಲಿಸಿದ್ದು ಒಂದು ಸಣ್ಣ ಅಳತೆ. ಎರಡು ಎರಿಗಳ ನಡುವೆ ನೊಣ ಓಡಾಡಲು ಬೇಕಾದಷ್ಟೇ ಜಾಗ ಬಿಟ್ಟರೆ ಜೇನು ಅದನ್ನು ಮೇಣದಿಂದ ಮುಚ್ಚುವುದಿಲ್ಲ ಎಂಬುದನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ೧೮೫೧ರಲ್ಲಿ ಬಳಕೆಗೆ ತಂದರು. ಎರಿಯನ್ನು ಮರದ ಚೌಕಟ್ಟಿನಲ್ಲಿ ಕಟ್ಟಿಸಿ, ಬೇಕಾದಾಗ ಎತ್ತಿ ನೋಡಿ, ಮತ್ತೆ ಇಳಿಸಬಹುದಾಯಿತು. ೧೮೮೦ರ ದಶಕದಲ್ಲಿ ಬಂಗಾಳ, ಪಂಜಾಬುಗಳಲ್ಲಿ ಈ ವಿದ್ಯೆಯನ್ನು ನಾಟಲು ಪ್ರಯತ್ನ ನಡೆದರೂ ಅದು ಬೇರೂರಲಿಲ್ಲ. ನಮ್ಮ ತುಡುವೆ ಯೂರೋಪಿನ ನೊಣಕ್ಕಿಂತ ಗಾತ್ರದಲ್ಲಿ ಕಿರಿದು, ಸಂಸಾರವೂ ಚಿಕ್ಕದು. ದೊಡ್ಡ ಬಂಗಲೆಯಲ್ಲಿ ಬಡ ಕುಟುಂಬವನ್ನು ಕೂಡಿಸಿದಂತೆ ಅದಕ್ಕೆ ಆ ಪೆಟ್ಟಿಗೆ ಒಗ್ಗದು. ದಕ್ಷಿಣದಲ್ಲಿ ರೆವರೆಂಡ್ ನ್ಯೂಟನ್ ಎಂಬ ಪಾದ್ರಿಗಳು ೧೯೧೧ರಿಂದ ೧೯೧೭ರವರೆಗೆ ದುಡಿದು, ತುಡುವೆಯ ಮೈಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ರೂಪಿಸಿ, ಹಳ್ಳಿಯವರಿಗೆ ಕಲಿಸಿದರು. ಕೆಳಗೆ ಏಳು ಚೌಕಟ್ಟಿನ ಸಂಸಾರ ಕೋಣೆ, ಮೇಲೆ ಗಿಡ್ಡ ಚೌಕಟ್ಟುಗಳ ಜೇನು ಕೋಣೆ. ನ್ಯೂಟನ್ ಪೆಟ್ಟಿಗೆಯೆಂಬ ಹೆಸರು ಇಂದಿಗೂ ಉಳಿದಿದೆ. ಈ ನೂತನ ವಿಧಾನವು ತಿರುವಾಂಕೂರು ಸಂಸ್ಥಾನಕ್ಕೆ ೧೯೧೭ರಲ್ಲಿ, ನಮ್ಮ ಮೈಸೂರು ಸಂಸ್ಥಾನಕ್ಕೆ ೧೯೨೫ರಲ್ಲಿ ಬಂದಿತೆಂದು ದಾಖಲೆ. ಮೈಸೂರಿನ ಹಿರಿಮೆಯನ್ನು ಹಾಡುವ ನಾವು ಈ ಒಂದು ವಿಷಯದಲ್ಲಿ ತಿರುವಾಂಕೂರಿಗೆ ಎಂಟು ವರ್ಷದ ಹಿರಿತನವನ್ನು ಬಿಟ್ಟುಕೊಡಬೇಕು.

ತಿರುವನಂತಪುರದಿಂದ ನಾಗರಕೋವಿಲಿಗೆ ಹೋಗುವ ದಾರಿಯಲ್ಲಿರುವ ಮಾರ್ತಾಂಡಂ ಈ ಚರಿತ್ರೆಯ ನಡುಮನೆ. ಅಲ್ಲಿ ೧೯೨೦ರ ದಶಕದಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಗ್ರಾಮೋದ್ಧಾರ ಕೇಂದ್ರವನ್ನು ನಡೆಸಿದವರು ಡಾ. ಸ್ಪೆನ್ಸರ್ ಹ್ಯಾಚ್ ಎಂಬ ಅಮೆರಿಕನ್ನರು. ಕೋಳಿ ಸಾಕಣೆ, ನೇಯ್ಗೆ, ತಾಳೆಬೆಲ್ಲ ಮೊದಲಾದ ಮನೆಗೆಲಸಗಳ ಜೊತೆಗೆ ಜೇನುಸಾಕಣೆಯನ್ನೂ ಅಲ್ಲಿ ಕಣ್ಣೆದುರಿಗೆ ಮಾಡಿ ತೋರಿಸಿ ಕಲಿಸುತ್ತಿದ್ದರು. ಬಡವನಿಗೆ ಜೇನಿನಷ್ಟು ಹಿತವಾದ ಕಸಬು ಇನ್ನೊಂದಿಲ್ಲ. ನೆಲ ಬೇಡ, ಮೇವು ಬೇಡ, ನೆರೆಯವನ ತೆಂಗಿನ ಹೂವೇ ಇವನ ಹೊಲ. ಆದರೆ ಪಾಲಿನ ಕಾಲದಲ್ಲಿ ಕೈತಪ್ಪಿದರೆ ಅವನ ಬಂಡವಾಳ ರೆಕ್ಕೆ ಕಟ್ಟಿಕೊಂಡು ಹಾರಿಹೋಗುತ್ತದೆ. ಆದುದರಿಂದ ಪೆಟ್ಟಿಗೆಯ ಜೊತೆಗೆ ಕಲಿಸಲೇಬೇಕಾದ ಪಾಠವೆಂದರೆ ಪಾಲನ್ನು ಓದುವ ಪಾಠ.

ಆ ಪಾಠವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಹವ್ಯಾಸಕ್ಕೆ ಒಂದೆರಡು ಪೆಟ್ಟಿಗೆ ಇಟ್ಟವರಿಗೆ ಅದು ಇಂದಿಗೂ ಅದೇ. ಮೊದಲನೆಯ ಸೂಚನೆ ಗಂಡುನೊಣಗಳದು. ತುಡುವೆಯ ಗಂಡುಮರಿಗಳ ಕಣಗಳಿಗೆ ಹಾಕಿದ ಮುಚ್ಚಳದ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಇರುವುದರಿಂದ ಗುರುತು ಸುಲಭ. ಅವು ಕಂಡವೆಂದರೆ ಮನೆಯಲ್ಲಿ ಮದುವೆಯ ಮಾತು ನಡೆದಿದೆಯೆಂದು ತಿಳಿಯಬೇಕು. ಎರಡನೆಯದು, ಎರಿಗಳ ಕೆಳಅಂಚಿನಲ್ಲಿ ಕೆಳಮುಖವಾಗಿ ನೇತಾಡುವ ರಾಣಿಕೋಶಗಳು. ಮೊಟ್ಟೆಯಿಟ್ಟ ಎಂಟನೆಯ ದಿನದ ಸುಮಾರಿಗೆ ಕೋಶದ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿತೆಂದರೆ ಹಳೆಯ ರಾಣಿ ಹೊರಡುವ ಹೊತ್ತು. ಹದಿನೈದು ಹದಿನಾರು ದಿನಗಳಲ್ಲಿ ಹೊಸ ರಾಣಿ ಹೊರಬರುತ್ತಾಳೆ. ಈ ಲೆಕ್ಕದಿಂದಲೇ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡತಕ್ಕದ್ದು ಎಂಬ ಕಟ್ಟಳೆ ಹುಟ್ಟಿರುವುದು. ಹತ್ತು ದಿನ ಊರಿಗೆ ಹೋಗಿ ಬಂದವನ ಪೆಟ್ಟಿಗೆ ಹಾರಿಹೋಗುವುದು ವಿಧಿಯಿಂದಲ್ಲ, ಗಣಿತದಿಂದ.

ಕಂಡ ಮೇಲೆ ಮಾಡುವುದೇನು? ಎರಡು ಪಂಥಗಳು. ಒಂದು, ಕೋಶಗಳನ್ನೆಲ್ಲ ಚಿವುಟಿ ಹಾಕುವುದು. ಬಾಗಿಲಿಗೆ ರಾಣಿ ತೂರಲಾರದ ಜಾಲರಿ ಕಟ್ಟುವುದು. ಇದು ಸಾಲಗಾರನು ಬಾಗಿಲು ಹಾಕಿಕೊಂಡು ಕೂತ ಹಾಗೆ. ನಾಲ್ಕು ದಿನ ನಡೆಯುತ್ತದೆ. ಕೋಶ ಚಿವುಟಿದಷ್ಟೂ ಅವು ಮತ್ತೆ ಕಟ್ಟುತ್ತವೆ. ಜಾಲರಿಯ ಹಿಂದೆ ದಪ್ಪ ಮೈಯ ಗಂಡುನೊಣಗಳು ಸಿಕ್ಕಿ ಸತ್ತು ದಾರಿ ಕಟ್ಟುತ್ತದೆ. ಇನ್ನೊಂದು ಪಂಥ, ಅವು ಮಾಡಬೇಕೆಂದಿರುವುದನ್ನು ನಾವೇ ಒಂದು ವಾರ ಮುಂಚೆ ಮಾಡಿಬಿಡುವುದು. ಬಲಿತ ಒಂದು ರಾಣಿಕೋಶವಿರುವ ಎರಿಯನ್ನೂ ಅರ್ಧ ಮರಿಗಳನ್ನೂ ನೊಣಗಳೊಡನೆ ಹೊಸ ಪೆಟ್ಟಿಗೆಗೆ ಸರಿಸಿ, ಹಳೆಯ ರಾಣಿಗೆ ಖಾಲಿ ಚೌಕಟ್ಟು ಕೊಟ್ಟು ಕೈತುಂಬ ಕೆಲಸ ಒದಗಿಸುವುದು. ಹೊಸಬರಿಗೆ ಕೆಲವು ದಿನ ಸಕ್ಕರೆಯ ಪಾಕ. ಒಡೆಯುವ ಮನೆಯನ್ನು ಹಿರಿಯರು ಕುಳಿತು ಮರ್ಯಾದೆಯಿಂದ ಪಾಲುಮಾಡಿಕೊಟ್ಟ ಹಾಗೆ. ನಮ್ಮ ಒಲವು ಈ ಎರಡನೆಯ ಪಂಥಕ್ಕೇ.

ಇದರ ನಡುವೆ ದೇಶದ ಭೂಪಟವೇ ಪಾಲಾಯಿತು. ೧೯೫೬ನೆಯ ನವೆಂಬರ್ ೧ರಂದು ನಮ್ಮ ಕನ್ನಡನಾಡು ಒಂದಾದುದನ್ನು ಈ ಪುಟಗಳಲ್ಲಿ ಪ್ರತಿವರ್ಷವೂ ನೆನೆಯುತ್ತೇವೆ. ಅದೇ ದಿನ ಜೇನಿನ ರಾಜ್ಯವೂ ಹಂಚಿಹೋದುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ವಿಳವಂಕೋಡು ಮೊದಲಾದ ನಾಲ್ಕು ತಾಲ್ಲೂಕುಗಳೊಡನೆ ಮಾರ್ತಾಂಡಂ ಮದರಾಸಿಗೆ ಸೇರಿತು; ತಿರುವಾಂಕೂರಿನ ಜೇನಿನ ತೌರು ಗಡಿಯಾಚೆ ಉಳಿಯಿತು. ೧೯೩೦ರ ದಶಕದಲ್ಲಿಯೇ ವಿರಾಜಪೇಟೆಯಲ್ಲಿ ಜೇನುಸಾಕಣೆಗಾರರ ಸಹಕಾರ ಸಂಘ ಕಟ್ಟಿದ್ದ ಕೊಡಗು ಮೈಸೂರಿಗೆ ಬಂದಿತು. ಪುತ್ತೂರಿನ ಅಡಕೆ ತೋಟಗಳು ನಮ್ಮಲ್ಲಿ ಉಳಿದವು. ಅದೇ ಅಡಕೆ, ಅದೇ ತುಡುವೆ, ಅದೇ ಕನ್ನಡವಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಅದರ ನೋವನ್ನು ಇಲ್ಲಿ ಬಗೆದು ನೋಡಲು ಹೊರಟರೆ ಜೇನಿನ ಕಥೆ ನಿಂತುಹೋದೀತು. ಗಡಿಯ ಕಲ್ಲನ್ನು ಓದಲು ಬಾರದ ನೊಣಗಳು ಮಾತ್ರ ಎರಡು ಕಡೆಯ ಕಂಗಿನ ಹೊಂಬಾಳೆಗೂ ಹೋಗಿ ಬರುತ್ತಲೇ ಇದ್ದವು. ಮಾರ್ತಾಂಡದ ಸಾಕಣೆಗಾರರು ಪೆಟ್ಟಿಗೆಗಳನ್ನು ರಾತ್ರಿಯ ಹೊತ್ತು ಲಾರಿಗೇರಿಸಿ ಕೇರಳದ ರಬ್ಬರು ತೋಟಗಳಿಗೆ ತರುವ ವಾಡಿಕೆಯೂ ಬೆಳೆಯಿತು.

ರಬ್ಬರಿನ ಮಾತು ಬಂದಿತು. ಕೊಚ್ಚಿಯಿಂದ ಪೂರ್ವಕ್ಕೆ, ಪೆರಿಯಾರಿನ ದಡದ ತಟ್ಟೇಕ್ಕಾಡಿನಲ್ಲಿ ೧೯೦೨ರಲ್ಲಿ ನಮ್ಮ ದೇಶದ ಮೊದಲ ರಬ್ಬರು ವ್ಯವಸಾಯ ಆರಂಭವಾಯಿತು. ಅದನ್ನು ನೆಟ್ಟವರು ಹಾಲಿಗಾಗಿ ನೆಟ್ಟರೇ ಹೊರತು ಜೇನಿಗಾಗಿ ಅಲ್ಲ. ಆದರೆ ರಬ್ಬರಿನ ಎಲೆ ಮೂರು ದಳದ್ದು. ಮೂರೂ ಕೂಡುವ ತೊಟ್ಟಿನ ತುದಿಯಲ್ಲಿ ಸಣ್ಣ ಗ್ರಂಥಿಗಳಿವೆ. ಡಿಸೆಂಬರಿನ ವೇಳೆಗೆ ಎಲೆ ಉದುರಿ, ಜನವರಿಯಿಂದ ಮಾರ್ಚಿಯವರೆಗೆ ಚಿಗುರುವಾಗ ಆ ಗ್ರಂಥಿಗಳಲ್ಲಿ ಮಕರಂದ ಜಿನುಗುತ್ತದೆ. ಕೇರಳದ ಅಂಗಡಿಗಳ ಜೇನಿನಲ್ಲಿ ದೊಡ್ಡ ಪಾಲು ಹೀಗೆ ಹೂವನ್ನೇ ಕಾಣದ ಎಲೆಯ ಜೇನು ಎಂದರೆ ನಮ್ಮ ಮನೆಯ ಹೆಂಗಸರು ನಂಬುವುದಿಲ್ಲ! ಎಲೆಯಲ್ಲಿ ಮಕರಂದವುಂಟೇ ಹೊರತು ಪರಾಗವಿಲ್ಲ. ಮರಿಗಳನ್ನು ಸಾಕಲು ಪರಾಗವೇ ಬೇಕು. ಅದು ಸಿಗುವುದು ತೆಂಗು, ಕಂಗು, ಹಿತ್ತಿಲ ಹೂಗಳಿಂದ. ಆದಕಾರಣ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮನೆಯ ಹಿತ್ತಿಲಿನಲ್ಲಿ ಸಂಸಾರ ಬೆಳೆಸಿ, ಪಾಲುಮಾಡಿ, ಜನವರಿಗೆ ರಬ್ಬರಿನ ಸುಗ್ಗಿಗೆ ಸಿದ್ಧಪಡಿಸುವ ಪಂಚಾಂಗ ಇಲ್ಲಿ ನೆಲೆಗೊಂಡಿತು.

ಪುಸ್ತಕ ಬರೆದವರು ನಮ್ಮ ತುಡುವೆಯನ್ನು ಬಹುಕಾಲ ಹೀಗಳೆದರು. ಮಾತೆತ್ತಿದರೆ ಪಾಲಾಗುತ್ತದೆ, ಮುನಿದರೆ ಪರಾರಿಯಾಗುತ್ತದೆ, ಕೊಡುವ ಜೇನೂ ಕಡಮೆ. ಯೂರೋಪಿನ ನೊಣವೇ ಮೇಲು ಎಂದು. ಈ ದೂರು ಪೂರ್ತಿ ಸುಳ್ಳಲ್ಲ. ಆದರೆ ೧೯೯೧-೯೨ರಲ್ಲಿ ನಡೆದುದನ್ನು ಕಂಡವರು ಪಾಲಾಗುವ ಗುಣವನ್ನು ದೋಷವೆಂದು ಅಷ್ಟು ಸುಲಭವಾಗಿ ಹೇಳಲಾರರು.

ಥೈಲೆಂಡಿನಲ್ಲಿ ೧೯೭೬ರಲ್ಲಿ ಕಂಡುಬಂದುದರಿಂದ ಥಾಯ್ ಚೀಲಮರಿ ರೋಗವೆನ್ನಬಹುದಾದ ಒಂದು ಸೋಂಕು ಆ ವರ್ಷಗಳಲ್ಲಿ ದಕ್ಷಿಣಕ್ಕೆ ಬಂದಿತು. ಮನುಷ್ಯರಿಗೆ ಅದರಿಂದ ಏನೂ ಇಲ್ಲ; ಬೆಳೆದ ನೊಣವೂ ನೋಡಲು ಚೆನ್ನಾಗಿಯೇ ಇರುತ್ತದೆ. ಸಾಯುವುದು ಮರಿ. ಕಣದಲ್ಲಿ ಬೆನ್ನಮೇಲೆ ಮಲಗಿ, ತಲೆಯ ತುದಿ ದೋಣಿಯ ಮೂತಿಯಂತೆ ಮೇಲೆದ್ದು, ಮೈಯೆಲ್ಲ ನೀರು ತುಂಬಿದ ಚೀಲವಾಗುತ್ತದೆ. ಹೊಸ ನೊಣ ಹುಟ್ಟದಿದ್ದ ಮೇಲೆ ಸಂಸಾರ ಎಷ್ಟು ದಿನ? ಕೇರಳ, ಕರ್ನಾಟಕ, ತಮಿಳುನಾಡುಗಳಲ್ಲಿ ಪೆಟ್ಟಿಗೆಯ ತುಡುವೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ನಾಶವಾದವು. ಮಾರ್ತಾಂಡದಿಂದ ಭಾಗಮಂಡಲದವರೆಗೆ ತಲೆಮಾರುಗಳಿಂದ ತುಂಬಿದ್ದ ಪೆಟ್ಟಿಗೆಗಳು ಬರಿದಾಗಿ, ಗೆದ್ದಲು ಹಿಡಿದವು, ಒಲೆಗೂ ಹೋದವು. ಜೇನನ್ನೇ ನಂಬಿದ್ದ ಮನೆಗಳಿಗೆ ಅದು ಬೆಳೆ ಹೋದ ವರ್ಷವಲ್ಲ, ಹೊಲವೇ ಹೋದ ವರ್ಷ. ಹಲವರು ಕಸಬನ್ನೇ ಬಿಟ್ಟರು.

ಇದಕ್ಕೆ ಮದ್ದು ಇರಲಿಲ್ಲ, ಇಂದಿಗೂ ನೇರವಾದ ಮದ್ದಿಲ್ಲ. ಉಳಿದ ದಾರಿ ಒಂದೇ: ನೂರರಲ್ಲಿ ಬದುಕಿದ ಐದೋ ಹತ್ತೋ ಕುಟುಂಬಗಳನ್ನು ಹುಡುಕಿ, ಪಾಲಿನ ಕಾಲ ಬಂದಾಗ ಅವುಗಳಿಂದಲೇ ರಾಣಿಕೋಶ ಪಡೆದು, ಸಂತತಿ ಬೆಳೆಸುವುದು. ಕಾಡಿನಲ್ಲಿಯೂ ಬದುಕುಳಿದ ತುಡುವೆಗಳು ತಾವಾಗಿಯೇ ಪಾಲಾಗಿ, ಹಿಂಡುಗಳು ಹಳೆಯ ಪೊಟರೆಗಳಿಗೂ ಮೇಣ ಸವರಿದ ಪೆಟ್ಟಿಗೆಗಳಿಗೂ ಬಂದು ಸೇರಿದವು. ಪಾಲಿನಲ್ಲಿ ಇನ್ನೊಂದು ಗುಣವೂ ಇದ್ದಿತು. ಮುದಿರಾಣಿ ಹೋಗಿ ಹೊಸಬಳು ಹುಟ್ಟಿ, ಹಾರಿ, ಗರ್ಭಧರಿಸಿ ಮೊಟ್ಟೆಯಿಡುವವರೆಗೆ ಆ ಗೂಡಿನಲ್ಲಿ ಎಳೆಯ ಮರಿಯೇ ಇರುವುದಿಲ್ಲ. ಮರಿಯಿಲ್ಲದಿದ್ದರೆ ಸೋಂಕಿಗೆ ಆಹಾರವಿಲ್ಲ. ಕೆಲಸದ ನೊಣಗಳು ಕಣಗಳನ್ನು ಗುಡಿಸಿ ತೊಳೆದು ಇಡುತ್ತವೆ. ರೋಗ ಬಂದಾಗ ರಾಣಿಯನ್ನು ಕೆಲವು ದಿನ ಬೇರ್ಪಡಿಸಿ ಮರಿ ನಿಲ್ಲಿಸಬೇಕೆಂದು ತಜ್ಞರು ಹೇಳುವುದೂ ಇದೇ ಕಾರಣಕ್ಕೆ. ರೋಗದ ಗೂಡಿನ ಎರಿಯನ್ನು ಮಾತ್ರ ಪಾಲುಮಾಡಿ ಹಂಚಕೂಡದು. ಅದು ಪಾಲಲ್ಲ, ಸೋಂಕಿನ ಬಿತ್ತನೆ. ವರ್ಷಗಳು ಹಿಡಿದವು, ಆದರೆ ತುಡುವೆ ಮರಳಿತು. ಸೋಂಕು ಪೂರ್ತಿ ತೊಲಗಿಲ್ಲ; ಆಗಾಗ ಅಲ್ಲಲ್ಲಿ ತಲೆಯೆತ್ತುತ್ತಲೇ ಇದೆ. ತಿರುವನಂತಪುರದ ಹೊರವಲಯದಲ್ಲಿರುವ ವೆಳ್ಳಾಯಣಿ ಕೃಷಿ ಕಾಲೇಜಿನಲ್ಲಿ ಜೇನಿನ ಸಂಶೋಧನೆ ನಡೆಯುತ್ತದೆ. ಹೊಸಬರು ಅಲ್ಲಿ ಹೋಗಿ ಕೇಳಬಹುದು.

ಈಗ ಈ ಎರಡು ಪಟ್ಟಣಗಳಲ್ಲಿಯೂ ಮನೆಯ ಮಾಳಿಗೆಯ ಮೇಲೆ, ಹಿತ್ತಿಲ ಮಾವಿನ ಕೆಳಗೆ ಹವ್ಯಾಸಕ್ಕಾಗಿ ಪೆಟ್ಟಿಗೆ ಇಡುವವರು ಹೆಚ್ಚಿದ್ದಾರೆ. ನಮ್ಮ ಕನ್ನಡ ಮನೆಗಳಲ್ಲಿಯೂ ಉಂಟು. ಅವರಿಗೆ ಪಾಲಿನ ಕಾಲ ಇನ್ನೊಂದು ಕಾರಣಕ್ಕೆ ಕಷ್ಟದ್ದು. ಊರಿನಲ್ಲಿ ಹಿಂಡು ಎದ್ದರೆ ನೆರೆಯವರು ನೋಡಿ ಸಂತೋಷಪಡುತ್ತಾರೆ. ಪಟ್ಟಣದಲ್ಲಿ ಪಕ್ಕದ ಮನೆಯ ಬಾಲ್ಕನಿಯಲ್ಲಿ ಜೋತುಬಿದ್ದರೆ ಬೆಂಕಿ ಆರಿಸುವವರಿಗೆ ಕರೆ ಹೋಗುತ್ತದೆ. ಹೊಟ್ಟೆ ತುಂಬ ಜೇನು ಹೀರಿ, ಕಾಯಲು ಮನೆಯೂ ಮರಿಯೂ ಇಲ್ಲದ ಹಿಂಡು ಸಾಮಾನ್ಯವಾಗಿ ಕಚ್ಚುವ ಗೋಜಿಗೆ ಹೋಗುವುದಿಲ್ಲವೆಂದು ಗಾಬರಿಯಲ್ಲಿರುವವರಿಗೆ ಹೇಳಿ ಪ್ರಯೋಜನವಿಲ್ಲ. ಸಂಜೆಯವರೆಗೆ ಕಾಯಿರೆಂದು ಬೇಡಿಕೊಂಡು, ಕೆಳಗೆ ಬುಟ್ಟಿ ಹಿಡಿದು, ಕೊಂಬೆಯನ್ನು ಒಮ್ಮೆ ಜೋರಾಗಿ ಕುಲುಕಿ ಹಿಡಿದು ತರಬೇಕು. ಹೊಸ ಪೆಟ್ಟಿಗೆಯಲ್ಲಿ ಬೇರೆ ಗೂಡಿನ ಮರಿಯಿರುವ ಎರಿಯೊಂದನ್ನು ಮೊದಲೇ ಇಟ್ಟಿದ್ದರೆ ಹಿಂಡು ಮರುದಿನ ಎದ್ದುಹೋಗುವುದು ಅಪರೂಪ. ಮಕ್ಕಳನ್ನು ಬಿಟ್ಟು ಹೋಗಲು ಅವಕ್ಕೆ ಮನಸ್ಸು ಬಾರದು, ಮಕ್ಕಳು ಪರರವೇ ಆದರೂ.

ಕಚ್ಚುವುದಕ್ಕೆ ಅಂಜುವವರು ಇಲ್ಲಿ ಚೆರುತೇನ್ ಸಾಕುತ್ತಾರೆ. ದಕ್ಷಿಣ ಕನ್ನಡದವರು ಮುಜಂಟಿ ಎನ್ನುವ, ಮೈಸೂರಿನವರು ನಸರಿ ಎನ್ನುವ ಅದೇ ಕರಿಯ ಸಣ್ಣ ನೊಣ. ಬಿದಿರಿನ ಗಳೆ, ತೆಂಗಿನ ಕರಟ, ಹಳೆಯ ಮಡಕೆ ಯಾವುದಾದರೂ ಅದಕ್ಕೆ ಅರಮನೆ. ಜೇನು ಕೊಡುವುದು ಬಹಳ ಸ್ವಲ್ಪ. ವೈದ್ಯರು ಅದಕ್ಕೆ ಕೊಡುವ ಬೆಲೆ ಬಹಳ ಹೆಚ್ಚು. ಇದರ ಪಾಲಿನ ರೀತಿ ತುಡುವೆಗೆ ನೇರ ವಿರುದ್ಧ. ಮೊಟ್ಟೆಗಳಿಂದ ಮೈ ಭಾರವಾದ ತಾಯಿ ಹಾರಲಾರಳು, ಹೊರಡುವವಳು ಮಗಳು. ಅದೂ ಒಂದೇ ದಿನ ಗಂಟುಮೂಟೆ ಕಟ್ಟಿಕೊಂಡಲ್ಲ. ಮೊದಲು ಕೆಲಸದ ನೊಣಗಳು ಹೊಸ ಪೊಟರೆಯನ್ನು ಗೊತ್ತುಮಾಡಿ, ತೌರಿನಿಂದ ಅಂಟು, ಮೇಣ, ಜೇನುಗಳನ್ನು ಒಯ್ದು ಒಯ್ದು ಬಾಗಿಲು ಕಟ್ಟುತ್ತವೆ, ಭರಣಿ ತುಂಬುತ್ತವೆ. ಆಮೇಲೆ ಮಗಳು ಬರುತ್ತಾಳೆ. ಬಂದ ಮೇಲೆಯೂ ಈ ಹೊರೆಕಾಣಿಕೆ ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ ನಡೆಯುತ್ತದೆ. ವರ್ಷಕ್ಕೊಮ್ಮೆ ಊರಿನಿಂದ ಅಪ್ಪೆಮಿಡಿ, ಹಪ್ಪಳ, ಬೆಲ್ಲಗಳ ಗಂಟು ಹೊತ್ತು ಬರುವ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

ನಸರಿಯನ್ನು ಕೈಯಿಂದ ಪಾಲುಮಾಡುವವರು ಇದನ್ನು ತಿಳಿದೇ ಒಂದು ಉಪಾಯ ಮಾಡುತ್ತಾರೆ. ಗೂಡನ್ನು ಒಡೆದು, ಮೊಟ್ಟೆಮರಿಗಳನ್ನೂ ಸ್ವಲ್ಪ ಭಂಡಾರವನ್ನೂ ಹೊಸ ಕರಟಕ್ಕೆ ಹಾಕಿದ ಮೇಲೆ, ಹೊಸದನ್ನು ಹಳೆಯ ಜಾಗದಲ್ಲಿಯೇ ಇಟ್ಟು, ತಾಯಿಯಿರುವ ಹಳೆಯ ಗೂಡನ್ನು ಕೆಲವು ಮಾರು ಆಚೆಗೆ ಸರಿಸುತ್ತಾರೆ. ಹೊರಗೆ ದುಡಿಯಲು ಹೋಗಿದ್ದ ನೊಣಗಳು ಹಳೆಯ ಗುರುತು ಹಿಡಿದು ಬಂದು, ಹೊಸ ಮನೆಗೆ ಸೇರಿಕೊಳ್ಳುತ್ತವೆ. ನವೆಂಬರ್ ಕಳೆದು ಬಿಸಿಲು ನಿಂತ ಮೇಲೆ, ಇರುವೆಯ ಕಾಟವಿಲ್ಲದ ಕಡೆ, ಈ ಕೆಲಸ ಮಾಡಿದರೆ ಒಳ್ಳೆಯದು.